ಕಬ್ಬಿಣಕ್ಕೆ ಬಂದು ನಿಲ್ಲುವ ಬೆಂಕಿ

ನಮ್ಮಪ್ಪ ಕಮ್ಮಾರ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ನಲವತ್ತು ವರ್ಷ ಕುಲುಮೆ ನಡೆಸಿದರು. ಮುಂಗಾರು ಹತ್ತಿರ ಬಂತು ಅಂದರೆ ಮನೆ ಮುಂದೆ ನೇಗಿಲ ಕುಳಗಳ ರಾಶಿ ಬೀಳುತ್ತಿತ್ತು. ಬೇಸಿಗೆ ರಜೆಯಲ್ಲಿ ತಿದಿ ಒತ್ತುವುದು ನನ್ನ ಕೆಲಸ. ಅಪ್ಪ ಕಬ್ಬಿಣದ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದರು. ಮಂದ ಕೆಂಪಿದ್ದರೆ ಇನ್ನೂ ಒತ್ತು. ಕಿತ್ತಳೆ ಬಣ್ಣಕ್ಕೆ ಬಂದರೆ ಹೊರಗೆ ತೆಗೆದು ಬಡಿ. ಬೆಳ್ಳಗಾಗಿ ಕಿಡಿ ಸಿಡಿಯೋಕೆ ಶುರುವಾದರೆ ಕಬ್ಬಿಣ ಸುಟ್ಟುಹೋಯಿತು ಅಂತ ಬೈಗುಳ.

ನಾನೀಗ ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕದಲ್ಲಿದ್ದೇನೆ. ಅಪ್ಪನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪೈರೋಮೀಟರ್ ಮಾಡುತ್ತದೆ. ದೂರದಿಂದಲೇ ಬೆಳಕು ಅಳೆದು ಫರ್ನೇಸ್ ಒಳಗಿನ ಶಾಖ ಹೇಳುತ್ತದೆ. ನಕ್ಷತ್ರಗಳ ಶಾಖವನ್ನೂ ಬೆಳಕಿನ ಬಣ್ಣದಿಂದಲೇ ತಿಳಿಯುತ್ತಾರೆ ಅಂತ ಗೊತ್ತಾದ ದಿನದಿಂದ ನನಗೆ ಆಕಾಶದ ಹುಚ್ಚು.

ಒಂದು ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನನ್ನು ಮಹಡಿ ಮೇಲೆ ಕರೆದುಕೊಂಡು ಹೋದೆ. ಪೂರ್ವದಲ್ಲಿ ಮಹಾವ್ಯಾಧ ನಕ್ಷತ್ರಪುಂಜ ಎದ್ದಿತ್ತು. ನಡುವೆ ಸಾಲಾಗಿ ಮೂರು ನಕ್ಷತ್ರ, ಒಂದು ಪಕ್ಕಕ್ಕೆ ಕೆಂಪಗಿನದು, ಇನ್ನೊಂದು ಪಕ್ಕಕ್ಕೆ ನೀಲಿ ಬಿಳುಪಿನದು. ನಾನು ಬಾಯಿ ಬಿಡುವ ಮೊದಲೇ ಅಪ್ಪ ಹೇಳಿದರು, "ಆ ಕೆಂಪಂದು ತಣ್ಣಗಾಗ್ತಾ ಇದೆ. ಈ ಕಡೇದು ಜಾಸ್ತಿ ಕಾದಿದೆ." ಸರಿಯಾಗಿ ಹೇಳಿದರು. ನೀಲಿಯದು ರೈಜೆಲ್, ಮೇಲ್ಮೈ ಶಾಖ ಸುಮಾರು 12,000 ಡಿಗ್ರಿ. ಕೆಂಪಿನದು ಸುಮಾರು 3,300 ಡಿಗ್ರಿ. ಅದೇ ನಮ್ಮ ಆರಿದ್ರಾ, ಇಂಗ್ಲಿಷಿನವರ ಬೀಟಲ್‌ಜ್ಯೂಸ್.

ಆರಿದ್ರಾ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಮಳೆ. ಜೂನ್ ಕೊನೆಗೆ ಸೂರ್ಯ ಆ ನಕ್ಷತ್ರದ ದಿಕ್ಕಿಗೆ ಬರುತ್ತಾನೆ, ಆ ಎರಡು ವಾರದ ಮಳೆಗೆ ಅದರ ಹೆಸರು. ಆಗ ನಕ್ಷತ್ರ ಹಗಲಿನ ಬೆಳಕಲ್ಲಿ ಮುಳುಗಿ ಕಾಣುವುದೇ ಇಲ್ಲ. ವರ್ಷವೆಲ್ಲ ಅದರ ಹೆಸರು ಹೇಳುತ್ತಿದ್ದ ಅಪ್ಪ ಅದನ್ನು ಗುರುತಿಸಿ ನೋಡಿದ್ದು ಆವತ್ತೇ ಮೊದಲು.

ಅದು ಸೂರ್ಯನ ಹದಿನೈದು-ಇಪ್ಪತ್ತು ಪಟ್ಟು ತೂಕದ ನಕ್ಷತ್ರ. ನಮ್ಮ ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯನ್ನೂ ನುಂಗಿ ಮಂಗಳನನ್ನೂ ದಾಟುತ್ತದೆ. ಆದರೆ ವಯಸ್ಸು ಸುಮಾರು ಒಂದು ಕೋಟಿ ವರ್ಷ, ಅಷ್ಟೇ. ಸೂರ್ಯನಿಗೆ ಆಗಲೇ 460 ಕೋಟಿ. ಸೌದೆ ಜಾಸ್ತಿ ಇದ್ದರೂ ದೊಡ್ಡ ನಕ್ಷತ್ರ ಅದನ್ನು ಅಷ್ಟು ಜೋರಾಗಿ ಉರಿಸುತ್ತದೆ. ತನ್ನ ತೂಕ ತನ್ನನ್ನೇ ಒಳಗೆ ಅದುಮುತ್ತಿರುತ್ತದೆ, ಒಳಗಿನ ಬೆಂಕಿ ಅದನ್ನು ತಡೆದು ನಿಲ್ಲಿಸಬೇಕು. ಉರಿ ತಗ್ಗಿಸೋ ಹಾಗಿಲ್ಲ.

"ಕೆಂಪಾಗಿದೆ ಅಂದ್ರೆ ಆರ್ತಾ ಇದೆ ಅಲ್ವಾ?" ಅಂತ ಅಪ್ಪ ಕೇಳಿದರು. ಅಪ್ಪನ ಮಾತಿನಲ್ಲೇ ಅದಕ್ಕೆ ಉತ್ತರ ಕೊಟ್ಟೆ. ದಪ್ಪ ಹಾರೆ ಕಾಯಿಸಿ ಹೊರಗಿಟ್ಟರೆ ಮೇಲೆ ಕಪ್ಪಾದರೂ ಒಳಗೆ ಇನ್ನೂ ಕೆಂಡ ಅಲ್ವಾ? ಇದೂ ಹಾಗೆ, ಒಂದು ವ್ಯತ್ಯಾಸ ಅಂದರೆ ಇದರ ಒಳಗಿನ ಶಾಖ ಏರುತ್ತಲೇ ಇದೆ. ನಡುವಿನ ತಿರುಳು ಕುಗ್ಗಿ ಕಾಯುತ್ತದೆ, ಹೊರಗಿನ ಭಾಗ ಊದಿಕೊಂಡು ತಣ್ಣಗಾಗುತ್ತದೆ.

ತಿರುಳಿನ ಕಥೆಯೇ ನನ್ನನ್ನು ಹಿಡಿದಿಟ್ಟಿದ್ದು. ಸೂರ್ಯನ 25 ಪಟ್ಟು ತೂಕದ ನಕ್ಷತ್ರಕ್ಕೆ ವಿಜ್ಞಾನಿಗಳು ಹಾಕಿದ ಲೆಕ್ಕವೊಂದಿದೆ. ಹೈಡ್ರೋಜನ್ ಉರಿದು ಹೀಲಿಯಂ ಆಗೋಕೆ ಸುಮಾರು 70 ಲಕ್ಷ ವರ್ಷ. ಹೀಲಿಯಂ ಉರಿಯೋದು ಕೆಲವು ಲಕ್ಷ ವರ್ಷ. ಕಾರ್ಬನ್‌ಗೆ ಬಂದರೆ ಬರೀ 600 ವರ್ಷ. ನಿಯಾನ್ ಒಂದು ವರ್ಷ, ಆಕ್ಸಿಜನ್ ಆರು ತಿಂಗಳು. ಕೊನೆಗೆ ಸಿಲಿಕಾನ್ ಉರಿದು ಕಬ್ಬಿಣವಾಗೋಕೆ ಒಂದೇ ದಿನ. ಮೊದಲ ಸಲ ಓದಿದಾಗ "ಒಂದು ದಿನ" ಅನ್ನುವಲ್ಲಿ ಪುಸ್ತಕ ಮುಚ್ಚಿ ಸುಮ್ನೆ ಕೂತೆ. ನಮ್ಮ ಫರ್ನೇಸ್‌ನಲ್ಲಿ ಒಂದು ಲೋಡ್ ಹಾಕಿ ತೆಗೆಯುವಷ್ಟು ಹೊತ್ತು.

ಅಲ್ಲಿಗೆ ಬೆಂಕಿ ನಿಲ್ಲುತ್ತದೆ. ಅಲ್ಲಿಯವರೆಗೆ ಚಿಕ್ಕ ಪರಮಾಣುಗಳು ಸೇರಿ ದೊಡ್ಡದಾದಾಗ ಶಕ್ತಿ ಹೊರಗೆ ಬರುತ್ತಿತ್ತು. ಕಬ್ಬಿಣದ ಪರಮಾಣುವಿನ ನಡುವಿನ ಬೀಜ ಬಹಳ ಗಟ್ಟಿ ಹೆಣಿಗೆ. ಅದನ್ನು ಇನ್ನೂ ಸೇರಿಸಲು ಹೋದರೆ ಶಕ್ತಿ ಬರುವುದರ ಬದಲು ಖರ್ಚಾಗುತ್ತದೆ. ಅಪ್ಪನಿಗೆ ಕೆಲಸ ಶುರುವಾಗುವುದೇ ಕಬ್ಬಿಣದಿಂದ. ನಕ್ಷತ್ರದ ಒಲೆಯಲ್ಲಿ ಅದು ಬೂದಿ.

ಆ ಬೂದಿಯ ಗುಡ್ಡೆ ಎಷ್ಟು ಭಾರ ತಡೆದೀತು? ಅದರ ಮೂಲ ಲೆಕ್ಕ ಹಾಕಿದ್ದು ಮದರಾಸಿನಲ್ಲಿ ಓದಿದ ಚಂದ್ರಶೇಖರ್. 1930ರಲ್ಲಿ, 19ನೇ ವಯಸ್ಸಿಗೆ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು. ಸೂರ್ಯನ ಸುಮಾರು 1.4 ಪಟ್ಟು ದಾಟಿದರೆ ನಿಲ್ಲಲಾರದು. ಸತ್ತ ಚಿಕ್ಕ ನಕ್ಷತ್ರಗಳಿಗೆ ಅಂತ ಹಾಕಿದ ಲೆಕ್ಕ, ಕಬ್ಬಿಣದ ತಿರುಳಿಗೂ ಹೆಚ್ಚುಕಮ್ಮಿ ಅದೇ. ಗಡಿ ದಾಟಿದಾಗ ಭೂಮಿಯಷ್ಟು ಅಗಲದ ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಕಬ್ಬಿಣದ ಪರಮಾಣುಗಳು ಒಡೆದು, ಪುಡಿಯಾಗಿ, ಕೊನೆಗೆ ನ್ಯೂಟ್ರಾನ್‌ಗಳ ಒಂದು ಉಂಡೆ ಉಳಿಯುತ್ತದೆ. ಅದರ ಅದಿರಾಟದಲ್ಲಿ ಮೇಲಿನ ಪದರಗಳೆಲ್ಲ ಹಾರಿಹೋಗುತ್ತವೆ. ತುಂಬಾ ಭಾರವಿದ್ದರೆ ಕಪ್ಪುಕುಳಿಯೂ ಆಗಬಹುದು.

ಇಲ್ಲಿ ನಾನೊಂದು ತಪ್ಪು ಹೇಳಿಕೊಟ್ಟಿದ್ದೆ. ತಿರುಳಿನ ಕಬ್ಬಿಣವೇ ಸಿಡಿದು ನಮ್ಮ ಭೂಮಿಗೆ ಬಂತು ಅಂತ ಅಪ್ಪನಿಗೆ ಹೇಳಿದ್ದೆ. ಆಮೇಲೆ ಓದಿದರೆ, ಆ ಕಬ್ಬಿಣ ಉಂಡೆಯೊಳಗೇ ಹೋಗುತ್ತದೆ. ಹೊರಗೆ ಬರುವುದು ಸ್ಫೋಟದ ಶಾಖದಲ್ಲಿ ಹೊಸದಾಗಿ ಹುಟ್ಟಿದ ನಿಕಲ್. ಅದು ಕೆಲವೇ ದಿನಗಳಲ್ಲಿ ಕೋಬಾಲ್ಟ್ ಆಗುತ್ತದೆ, 77 ದಿನಕ್ಕೆ ಅರ್ಧದಂತೆ ಕೋಬಾಲ್ಟ್ ಕಬ್ಬಿಣವಾಗುತ್ತದೆ. ಇನ್ನೊಂದು ವಿಷಯ, ಲೋಕದ ಕಬ್ಬಿಣದಲ್ಲಿ ದೊಡ್ಡ ಪಾಲು ಶ್ವೇತ ಕುಬ್ಜಗಳೆಂಬ ಬೇರೆ ಜಾತಿಯ ನಕ್ಷತ್ರಗಳ ಸ್ಫೋಟದ್ದು. ಮುಂದಿನ ಸಲ ಊರಿಗೆ ಹೋದಾಗ ಇದನ್ನೆಲ್ಲ ತಿದ್ದಿ ಹೇಳಿದೆ.

ಇಂಥ ಒಂದು ನಕ್ಷತ್ರ ಸಿಡಿದದ್ದನ್ನು ವಿಜ್ಞಾನಿಗಳು ಕಣ್ಣಾರೆ ಕಂಡಿದ್ದು 1987ರಲ್ಲಿ. ಫೆಬ್ರವರಿ 23ರಂದು ಜಪಾನಿನ ಕಾಮಿಯೋಕಾ ಗಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಹನ್ನೊಂದು ನ್ಯೂಟ್ರಿನೊಗಳ, ಅಂದರೆ ತಿರುಳು ಕುಸಿಯುವಾಗ ಹೊರಬೀಳುವ ಅತಿ ಸಣ್ಣ ಕಣಗಳ, ಗುರುತು ಬಿತ್ತು. ಅದಾಗಿ ಸುಮಾರು ಮೂರು ಗಂಟೆಯ ನಂತರ ಬೆಳಕು ಬಂತು. ಚಿಲಿಯ ಲಾಸ್ ಕಂಪಾನಾಸ್‌ನಲ್ಲಿ ಇಯಾನ್ ಶೆಲ್ಟನ್ ತಾನು ತೆಗೆದ ಫೋಟೋದಲ್ಲಿ ಹೊಸ ಚುಕ್ಕಿ ಕಂಡು ಹೊರಗೆ ಬಂದು ನೋಡಿದರೆ ಬರಿಗಣ್ಣಿಗೇ ಕಾಣುತ್ತಿತ್ತು. ಸುಮಾರು 1,68,000 ಜ್ಯೋತಿರ್ವರ್ಷ ದೂರದ ಸಾವು. ತಮಿಳುನಾಡಿನ ಕಾವಲೂರು ವೀಕ್ಷಣಾಲಯದವರೂ ದಕ್ಷಿಣದ ಅಂಚಿನಲ್ಲಿ ಅದನ್ನು ಹಿಡಿದು ಅಧ್ಯಯನ ಮಾಡಿದರು. ಅದರ ಬೆಳಕು ಮಂಕಾದ ಲೆಕ್ಕ ಕೋಬಾಲ್ಟ್ ಕಬ್ಬಿಣವಾಗುವ ಆ 77 ದಿನಕ್ಕೇ ತಾಳೆಯಾಯಿತು. ಅಲ್ಲಿ ಹುಟ್ಟಿದ ಕಬ್ಬಿಣ ಸೂರ್ಯನ ತೂಕದ ನೂರರಲ್ಲಿ ಏಳು ಪಾಲು, ಅಂದರೆ 23,000 ಭೂಮಿಗಳ ತೂಕ. ಆ ವರ್ಷ ನಾನು ಆರನೇ ಕ್ಲಾಸು, ಕುಲುಮೆ ಮುಂದೆ ತಿದಿ ಒತ್ತುತ್ತಿದ್ದೆ.

ಇದನ್ನು ಕೇಳಿ ಅಪ್ಪ ಒಂದೇ ಪ್ರಶ್ನೆ ಕೇಳಿದರು, "ಒಳಗಿನ ಉಂಡೆ ಎಲ್ಲಿ ಹೋಯ್ತು?" ಆಗ ಯಾರಿಗೂ ಅದು ಖಚಿತವಾಗಿ ಸಿಕ್ಕಿರಲಿಲ್ಲ. ದೂಳು ಮುಚ್ಚಿತ್ತು.

2024ರ ಫೆಬ್ರವರಿಯಲ್ಲಿ ಸುದ್ದಿ ಬಂತು. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕ ಆ ಅವಶೇಷದ ನಟ್ಟನಡುವೆ ಒಂದು ಗುರುತು ಹಿಡಿದಿತ್ತು. ಸುತ್ತಲಿನ ಅನಿಲವನ್ನು ಯಾವುದೋ ಬಹಳ ಬಿಸಿಯಾದ ಚಿಕ್ಕ ವಸ್ತು ಬೆಳಗಿಸುತ್ತಿದೆ, ಅದು ನ್ಯೂಟ್ರಾನ್ ನಕ್ಷತ್ರವೇ ಇರಬೇಕು ಅಂತ. ಶಿಫ್ಟ್ ಮುಗಿಸಿ ಗೇಟಿನ ಹತ್ತಿರದಿಂದಲೇ ಅಪ್ಪನಿಗೆ ಫೋನ್ ಮಾಡಿದೆ.

"ಸಿಕ್ತಾ ಹಾಗಾದ್ರೆ? ಎಷ್ಟು ದಪ್ಪ ಇದೆಯಂತೆ?"

"ಗುಬ್ಬಿಯಿಂದ ತುಮಕೂರಿನಷ್ಟು ಅಗಲ ಅಪ್ಪ. ತೂಕ ಮಾತ್ರ ಸೂರ್ಯನಿಗಿಂತ ಜಾಸ್ತಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇನ್ನೂ ಕಾದಿದೆಯಾ?" ಅಂದರು.

"ಹ್ಞೂಂ, ಲಕ್ಷಗಟ್ಟಲೆ ಡಿಗ್ರಿ."