ನವೆಂಬರ್ ಕೊನೆಗೆ ಇನ್ನೊಂದು ಸೈಕ್ಲೋನ್ ಬರುತ್ತಾ? ಕೋಲಾರದ ಕಡೆಯಿಂದ ಲೆಕ್ಕ ಹಾಕುವ ಬಗೆ

ಅನುರಾಧಾ ಮಳೆ ಹುಟ್ಟುವ ಹೊತ್ತಿಗೆ ಮುಳಬಾಗಿಲಿನಿಂದ ಪಾವಗಡದವರೆಗೆ ರಾಗಿ ಬೆಳೆದವರ ಬಾಯಲ್ಲಿ ಒಂದೇ ಮಾತು: ಈ ವರ್ಷದ ಸೈಕ್ಲೋನ್ ಕಾಟ ಮುಗೀತಾ, ಇನ್ನೂ ಇದೆಯಾ? ತೆನೆ ಕಂದು ತಿರುಗಿದೆ, ಆಳು ಸಿಕ್ಕಿದ್ದಾರೆ, ಆಕಾಶ ಮಾತ್ರ ಮಂಕು. ಕುಯ್ಯೋದಾ, ಒಂದು ವಾರ ತಡೆಯೋದಾ?

'ಈ ಸಲ ಆಗಲೇ ಮೂರು ಬಂದು ಹೋದವು, ಇನ್ನು ಬರಲ್ಲ ಬಿಡಿ' ಅನ್ನುವವರ ಮಾತನ್ನು ಮೊದಲು ಪಕ್ಕಕ್ಕಿಡಿ. ಬಂಗಾಳ ಕೊಲ್ಲಿಗೆ ವರ್ಷಕ್ಕಿಷ್ಟು ಎಂಬ ಕೋಟಾ ಇಲ್ಲ. 2013ರಲ್ಲಿ ಅಕ್ಟೋಬರ್‌ನ ಫೈಲಿನ್ ಆದಮೇಲೆ ನವೆಂಬರ್ 22ಕ್ಕೆ ಹೆಲೆನ್, ಅದೇ 28ಕ್ಕೆ ಲೆಹರ್, ಎರಡೂ ಮಚಲೀಪಟ್ಟಣದ ಆಸುಪಾಸಿನಲ್ಲೇ ದಡ ಹತ್ತಿದವು. ಡಿಸೆಂಬರ್‌ನಲ್ಲಿ 'ಮಾಡಿ' ಎಂಬ ಹೆಸರಿನದು ಬಂತು. 2020ರ ನವೆಂಬರ್ 25ರ ರಾತ್ರಿ ನಿವಾರ್ ಪುದುಚೇರಿ ಹತ್ತಿರ ದಾಟಿದರೆ, ಡಿಸೆಂಬರ್ 2ಕ್ಕೆ ಬುರೆವಿ ಶ್ರೀಲಂಕಾದ ಮೇಲಿತ್ತು. ಒಂದು ಸೈಕ್ಲೋನ್ ಹಾದುಹೋದರೆ ಸಮುದ್ರ ತಣ್ಣಗಾಗುತ್ತದೆ, ನಿಜ. ಆದರೆ ಮಳೆಗಾಲ ಮುಗಿದ ಮೇಲೆ ಗಂಗಾ, ಬ್ರಹ್ಮಪುತ್ರಾ, ಗೋದಾವರಿಯ ಸಿಹಿನೀರು ಕೊಲ್ಲಿಯ ಮೇಲೆ ಪದರವಾಗಿ ನಿಂತಿರುತ್ತದೆ. ಅದು ಕೆಳಗಿನ ತಣ್ಣೀರು ಮೇಲೆ ಬರಲು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಬೇರೆ ಸಮುದ್ರಗಳಷ್ಟು ಇಲ್ಲಿ ತಂಪು ಉಳಿಯುವುದಿಲ್ಲ.

ಅಂದಹಾಗೆ, ಅಮೆರಿಕದ ವೆಬ್‌ಸೈಟು ನೋಡಿಕೊಂಡು 'ಸೀಸನ್ ನವೆಂಬರ್ 30ಕ್ಕೆ ಮುಗಿಯುತ್ತೆ' ಎನ್ನುವವರೂ ಇದ್ದಾರೆ. ಅದು ಅಟ್ಲಾಂಟಿಕ್ ಲೆಕ್ಕ. ನಮ್ಮ ಕೊಲ್ಲಿಯಲ್ಲಿ ನವೆಂಬರ್ ಎಂದರೆ ಭರಾಟೆಯ ತಿಂಗಳು, ಡಿಸೆಂಬರ್ ಪೂರ್ತಿ ಬಾಗಿಲು ತೆರೆದೇ ಇರುತ್ತದೆ. ಧನುಷ್ಕೋಡಿಯನ್ನು ಅಳಿಸಿಹಾಕಿದ ಚಂಡಮಾರುತ ಬಂದದ್ದು 1964ರ ಡಿಸೆಂಬರ್ 22-23ಕ್ಕೆ. 'ಥಾಣೆ' ಚಂಡಮಾರುತ ಕಡಲೂರಿಗೆ ಹೊಡೆದದ್ದು 2011ರ ಡಿಸೆಂಬರ್ 30ಕ್ಕೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಿಗೆ ನಿಜವಾಗಿ ಬೇಕಾದ ಸಂಗತಿ ಬೇರೆಯೇ ಇದೆ. ಅಕ್ಟೋಬರ್‌ನಲ್ಲಿ ಹುಟ್ಟುವವು ಹೆಚ್ಚಾಗಿ ಉತ್ತರಕ್ಕೆ ಓಡುತ್ತವೆ: 2014ರ ಹುದ್‌ಹುದ್ ವಿಶಾಖಪಟ್ಟಣಕ್ಕೆ, 2024ರ ಡಾನಾ ಒಡಿಶಾಕ್ಕೆ. ಅವು ಅತ್ತ ಹೋದರೆ ನಮ್ಮ ಕಡೆಯ ತೇವವೂ ಅತ್ತಲೇ ಎಳೆದುಹೋಗಿ, ಇಲ್ಲಿ ನಾಲ್ಕು ದಿನ ಒಣಗಾಳಿ ಬೀಸುವುದೇ ಹೆಚ್ಚು. ನವೆಂಬರ್ ಜಾರುತ್ತಿದ್ದಂತೆ ಹುಟ್ಟುವ ಜಾಗ ದಕ್ಷಿಣಕ್ಕೆ ಸರಿಯುತ್ತದೆ, ದಾರಿ ಪಶ್ಚಿಮಕ್ಕೆ ತಿರುಗುತ್ತದೆ. ಸಂಖ್ಯೆ ಕಡಿಮೆಯಾದರೂ ತಮಿಳುನಾಡು ಕರಾವಳಿಗೆ ಬರುವವುಗಳ ಪಾಲು ಹೆಚ್ಚು. ಅಲ್ಲಿಂದ ಮುಳಬಾಗಿಲಿಗೆ ನೇರ ಅಳತೆ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ತುಮಕೂರಿಗೆ 340ರ ಆಸುಪಾಸು. ಅಂದರೆ ಸೀಸನ್ ಮುಗಿಯಿತು ಎಂದು ಬೇರೆಯವರು ಉಸಿರುಬಿಡುವ ಹೊತ್ತಿಗೆ ನಮ್ಮ ಸರದಿ ಶುರು.

ಇನ್ನೊಂದು ಹುಟ್ಟುತ್ತದಾ ಎಂದು ನೋಡಲು ಸಮುದ್ರದ ಬಿಸಿಯಿಂದ ಶುರುಮಾಡುವುದು ವಾಡಿಕೆ. ನನ್ನ ಪ್ರಕಾರ ಅದಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಬೇಕಾದದ್ದು 26.5 ಡಿಗ್ರಿ, ದಕ್ಷಿಣ ಕೊಲ್ಲಿಯಲ್ಲಿ ಡಿಸೆಂಬರ್‌ನಲ್ಲೂ ಅದಕ್ಕಿಂತ ಹೆಚ್ಚೇ ಇರುತ್ತದೆ. ಆಟ ಕೆಡಿಸುವುದು ಗಾಳಿ. ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ಇರುವ ವ್ಯತ್ಯಾಸ, ಅಂದರೆ ವಿಂಡ್ ಶಿಯರ್, 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟಿದರೆ ಸುಳಿ ಕಟ್ಟುವುದು ಕಷ್ಟ.

ಇದನ್ನು ಮೊಬೈಲ್‌ನಲ್ಲೇ ನೋಡಬಹುದು. ಗಾಳಿಯ ನಕ್ಷೆ ತೋರಿಸುವ ವಿಂಡಿ ಆ್ಯಪ್ ತೆರೆದು ಎತ್ತರದ ಪಟ್ಟಿಯನ್ನು 850 ಹೆಕ್ಟೋಪಾಸ್ಕಲ್‌ಗೆ, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರಕ್ಕೆ ಇಡಿ. ಶ್ರೀಲಂಕಾಕ್ಕೂ ಅಂಡಮಾನ್‌ಗೂ ನಡುವೆ, 8ರಿಂದ 13 ಡಿಗ್ರಿ ಅಕ್ಷಾಂಶದೊಳಗೆ ಬೆರಳಿಟ್ಟು ಗಾಳಿಯ ದಿಕ್ಕು, ವೇಗ ಬರೆದುಕೊಳ್ಳಿ. ಅದೇ ಜಾಗದಲ್ಲಿ 200 ಹೆಕ್ಟೋಪಾಸ್ಕಲ್‌ಗೆ, ಸುಮಾರು 12 ಕಿ.ಮೀ. ಎತ್ತರಕ್ಕೆ ಏರಿಸಿ ಮತ್ತೆ ಬರೆದುಕೊಳ್ಳಿ. ಕೆಳಗೆ ಮೂಡಣದಿಂದ 15 ನಾಟ್, ಮೇಲೂ ಮೂಡಣದಿಂದ 20 ಇದ್ದರೆ ವ್ಯತ್ಯಾಸ ಐದೇ. ಸುಳಿಗೆ ಹಾಯಾದ ಜಾಗ. ಕೆಳಗೆ ಮೂಡಣದಿಂದ 15, ಮೇಲೆ ಪಡುವಣದಿಂದ 30 ಇದ್ದರೆ ಎರಡನ್ನೂ ಕೂಡಬೇಕು, 45 ಆಯಿತು. ದಿಕ್ಕು ಮರೆತು ಬರೀ ವೇಗ ಕಳೆದು '15 ಅಷ್ಟೇ' ಎಂದುಕೊಳ್ಳುವುದು ಇಲ್ಲಿ ಆಗುವ ಮಾಮೂಲಿ ತಪ್ಪು.

ಮೇಲಿನ ಪದರದಲ್ಲಿ ಮೂಡಣ ಗಾಳಿ ಮುಗಿದು ಪಡುವಣ ಗಾಳಿ ಶುರುವಾಗುವ ಗೆರೆ ಎಲ್ಲಿದೆ ಎಂಬುದನ್ನೂ ಗಮನಿಸಿ. ಅದು ಕೋಲಾರ, ಚೆನ್ನೈ ಇರುವ 13 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರಕ್ಕಿದ್ದರೆ ಬರುವ ಸಿಸ್ಟಮ್ ದಡದವರೆಗೂ ಜೀವ ಹಿಡಿದಿರುತ್ತದೆ. ಡಿಸೆಂಬರ್‌ನಲ್ಲಿ ಗೆರೆ ದಕ್ಷಿಣಕ್ಕಿಳಿದಂತೆ ಉತ್ತರಕ್ಕೆ ಹೋದದ್ದೆಲ್ಲ ಸವೆಯುತ್ತದೆ. 2013ರ 'ಮಾಡಿ' ಚಂಡಮಾರುತಕ್ಕೆ ಹೀಗೇ ಆಯಿತು: ಅತಿ ತೀವ್ರ ಚಂಡಮಾರುತವಾಗಿ ಬಡಗಣಕ್ಕೆ ಹೋಗಿ, ಅಲ್ಲಿ ಸೊರಗಿ, ನೈಋತ್ಯಕ್ಕೆ ಹಿಂದಿರುಗಿ ವೇದಾರಣ್ಯಂ ಹತ್ತಿರ ಬರೀ ವಾಯುಭಾರ ಕುಸಿತವಾಗಿ ದಾಟಿತು. ಉಪಗ್ರಹದ ಚಿತ್ರದಲ್ಲಿ ಮೋಡದ ರಾಶಿ ಒಂದು ಕಡೆ, ಸುಳಿ ಬೆತ್ತಲಾಗಿ ಇನ್ನೊಂದು ಕಡೆ ಕಂಡರೆ ಶಿಯರ್ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಮುಂದಿನದು ಮ್ಯಾಡನ್-ಜೂಲಿಯನ್ ಆಸಿಲೇಷನ್, ಎಂಜೆಓ. ಭೂಮಧ್ಯರೇಖೆಯ ಗುಂಟ 30ರಿಂದ 60 ದಿನಕ್ಕೊಮ್ಮೆ ಪೂರ್ವಕ್ಕೆ ಸಾಗುವ ಮೋಡದ ಅಲೆ ಇದು. ಎಂಟು ಹಂತಗಳ ಸುರುಳಿ ನಕ್ಷೆಯಲ್ಲಿ ಅದು 3, 4ನೇ ಹಂತದಲ್ಲಿದ್ದು, ನಡುವಿನ ವೃತ್ತದಿಂದ ಹೊರಗಿದ್ದರೆ ಕೊಲ್ಲಿ ಎಚ್ಚರವಾಗಿದೆ ಎನ್ನಬಹುದು. ವೃತ್ತದ ಒಳಗಿದ್ದರೆ ಅದರ ಮಾತಿಗೆ ತೂಕವಿಲ್ಲ.

ಪೆಸಿಫಿಕ್ ಸಾಗರದ ನಡುಭಾಗ ಮಾಮೂಲಿಗಿಂತ ತಣ್ಣಗಿರುವ ಲಾ ನಿನಾ ವರ್ಷದಲ್ಲಿ ಕೊಲ್ಲಿಯ ಚಂಡಮಾರುತಕ್ಕೆ ಅನುಕೂಲ ಹೆಚ್ಚು. ಹಿಂಗಾರು ಮಳೆ ಮಾತ್ರ ಅದೇ ಸಾಗರ ಬಿಸಿಯೇರುವ ಎಲ್ ನಿನೋ ವರ್ಷದಲ್ಲೇ ಚೆನ್ನಾಗಿ ಆಗುವ ಒಲವಿದೆ. ಈ ಎರಡನ್ನೂ ಒಂದೇ ಎಂದುಕೊಂಡವರ ಲೆಕ್ಕ ತಪ್ಪುತ್ತದೆ. ಸಾಲದ್ದಕ್ಕೆ 2021 ಲಾ ನಿನಾ ವರ್ಷವಾಗಿದ್ದೂ ಹಿಂಗಾರು ಸುರಿದು ಹಾಕಿತು. ಈ ವಾರ ಕುಯ್ಯಬೇಕೋ ಬೇಡವೋ ಎನ್ನುವುದಕ್ಕೆ ಈ ದೊಡ್ಡ ಹೆಸರುಗಳು ಉಪಯೋಗಕ್ಕೆ ಬರುವುದಿಲ್ಲ.

ಕಂಪ್ಯೂಟರ್‌ನಲ್ಲಿ ಹವೆಯ ಲೆಕ್ಕ ಹಾಕುವ ಮಾಡೆಲ್‌ಗಳ ವಿಷಯಕ್ಕೆ ಬಂದರೆ, ಹತ್ತು ದಿನದಾಚೆಗೆ ಅಮೆರಿಕದ ಜಿಎಫ್‌ಎಸ್ ತೋರಿಸುವ ಭಯಂಕರ ಸುಳಿಯ ಸ್ಕ್ರೀನ್‌ಶಾಟೇ ವಾಟ್ಸಾಪ್‌ನಲ್ಲಿ ಓಡಾಡುವುದು. ಅದನ್ನು ನಂಬಿ ಆಳು ವಾಪಸ್ ಕಳಿಸಬೇಡಿ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಲೆಕ್ಕ ಹಾಕುತ್ತದೆ; ಸತತ ಮೂರ್ನಾಲ್ಕು ಸಲ ಅದೇ ಜಾಗ, ಅದೇ ದಿನ ತೋರಿಸಿ, ಯುರೋಪಿನ ಮಾಡೆಲ್ಲೂ ಒಪ್ಪಿದರೆ ಆಗ ಕಿವಿಗೊಡಿ. ಭಾರತೀಯ ಹವಾಮಾನ ಇಲಾಖೆ ದಿನವೂ ಮುಂದಿನ ಏಳು ದಿನದ ಸಾಧ್ಯತೆ ಕೊಡುತ್ತದೆ: 1ರಿಂದ 33 ಶೇಕಡಾ ಕಡಿಮೆ, 34ರಿಂದ 67 ಮಧ್ಯಮ, 68ರ ಮೇಲೆ ಹೆಚ್ಚು. ಗುರುವಾರ ಎರಡು ವಾರದ ಮುನ್ನೋಟ ಬರುತ್ತದೆ. ಗಮನಿಸಿ, ದಿನದ ಆ ಶೇಕಡಾ ವಾಯುಭಾರ ಕುಸಿತ ಹುಟ್ಟುವುದಕ್ಕೆ, ಹೆಸರಿಟ್ಟ ಚಂಡಮಾರುತಕ್ಕಲ್ಲ. ಹೆಸರು ಸಿಗಲು ಗಾಳಿ ಗಂಟೆಗೆ 63 ಕಿ.ಮೀ. ಮುಟ್ಟಬೇಕು.

ನಮಗೆ ಹೆಸರಿನ ಹಂಗೂ ಬೇಕಿಲ್ಲ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಕೋಡಿ ಬಿದ್ದು ರಾಗಿ ಹೊಲದಲ್ಲೇ ಮೊಳೆತಾಗ ತಮಿಳುನಾಡಿನ ದಡ ದಾಟಿದ್ದು ಹೆಸರಿಲ್ಲದ ವಾಯುಭಾರ ಕುಸಿತಗಳು. ಡಿಸೆಂಬರ್ ಮೊದಲ ವಾರದಲ್ಲಿ ಹೆಸರು ಪಡೆದ ಜವಾದ್ ದಡ ಮುಟ್ಟುವ ಮೊದಲೇ ಸತ್ತಿತು. 2024ರ ಫೆಂಗಲ್ ಗಾಳಿಯ ಲೆಕ್ಕದಲ್ಲಿ ಸಾಧಾರಣ, ಆದರೆ ಪುದುಚೇರಿ ಹತ್ತಿರ ಗಂಟೆಗಟ್ಟಲೆ ನಿಂತು ನಿಧಾನವಾಗಿ ಒಳಬಂತು. ನಮ್ಮ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನ 50 ಸೆಂ.ಮೀ. ಸುರಿಯಿತು. ಹಾಗಾಗಿ ನೋಡಬೇಕಾದ್ದು ಎರಡು: ಪುದುಚೇರಿಗೂ ನೆಲ್ಲೂರಿಗೂ ನಡುವೆ ದಾಟುತ್ತದಾ, ನಿಧಾನವಾಗಿ ದಾಟುತ್ತದಾ. ಎರಡಕ್ಕೂ ಹೌದು ಎಂದಾದರೆ ಅದರ ದರ್ಜೆ ಏನೇ ಇರಲಿ, ಕುಡುಗೋಲು ಕೆಳಗಿಡಿ.

ರಾಗಿ ಕುಯ್ದು ಹೊಲದಲ್ಲಿ ಹರವಿದರೆ ಒಣಗಲು ಮೂರು-ನಾಲ್ಕು ದಿನ, ಸಿವುಡು ಕಟ್ಟಿ ಬಣವೆ ಒಟ್ಟಲು ಇನ್ನೊಂದು ದಿನ. ಅಂದರೆ ಐದು ದಿನದ ಬಿಡುವು ಬೇಕು. ಇಲಾಖೆಯ ಪಟ್ಟಿಯಲ್ಲಿ ಐದು ದಿನವೂ 'ಕಡಿಮೆ'ಯೊಳಗಿದ್ದರೆ ಕುಯ್ಯಬಹುದು. ನಾಲ್ಕನೇ ದಿನಕ್ಕೆ 'ಮಧ್ಯಮ' ಕಂಡು, ಜಾಗ ದಕ್ಷಿಣ ಕೊಲ್ಲಿ ಎಂದಿದ್ದರೆ ನಿಂತ ಪೈರೇ ವಾಸಿ. ನೆಲಕ್ಕೆ ಹಾಕಿದ ತೆನೆ ಮಣ್ಣಿನ ತೇವಕ್ಕೆ ಬೇಗ ಮೊಳೆಯುತ್ತದೆ. ಯಂತ್ರದಲ್ಲಿ ಕುಯ್ಸುವವರಿಗೆ ಒಂದೇ ದಿನ ಸಾಕು, ಆದರೆ ಕಾಳನ್ನು ಶೇ. 12ರ ತೇವಕ್ಕೆ ಇಳಿಸಲು ಬಿಸಿಲು ಬೇಕೇ ಬೇಕು, ಮತ್ತು ಒಂದು ಹದ ಮಳೆ ಬಿದ್ದ ಕೆಂಪು ಗೋಡಿನಲ್ಲಿ ಯಂತ್ರ ಹೂತುಕೊಳ್ಳುತ್ತದೆ.

ಆಗಲೇ ಕುಯ್ದಾಗಿದ್ದರೆ ದಿಬ್ಬದ ಮೇಲೆ ಕಲ್ಲು, ಸೌದೆ ಹಾಸಿ ತೆನೆ ಒಳಗೆ, ಬುಡ ಹೊರಗೆ ಬರುವಂತೆ ಒಟ್ಟಿ. ಟಾರ್ಪಾಲು ನೆತ್ತಿಗೆ ಮಾತ್ರ ಹೊದಿಸಿ, ಪಕ್ಕ ಬಿಡಿ. ಹಸಿ ಇದ್ದಾಗ ಸುತ್ತಲೂ ಬಿಗಿದು ಮುಚ್ಚಿದ ಬಣವೆ ಒಳಗೇ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಮೊದಲ ದಿನವೇ ಬಿಚ್ಚಿ ಒಂದು ಸಿವುಡು ಎಳೆದು ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಪೂರ್ತಿ ಕೆಡವಿ ಹರವಬೇಕು.