ಕಬ್ಬಿಣ ಕೂರಿಸಿದ ಗ್ರಾಫೀನ್ ಪಟ್ಟಿ: ಹಿಡಿದ ಅನಿಲವನ್ನು ಬಿಡಬೇಕಲ್ಲ

ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಸೆನ್ಸರ್‌ಗಾಗಿ, ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಪಟ್ಟಿಯಲ್ಲಿ ಕಬ್ಬಿಣ ಕೂರಿಸಿದರೆ ಹೇಗೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಆ ಲೆಕ್ಕ ಕೊನೆಗೂ ಕನ್ವರ್ಜ್ ಆಯಿತು, ಅಂದರೆ ಉತ್ತರ ಒಂದು ಕಡೆ ನಿಂತಿತು. ಮನೆಯ ಕಂಪ್ಯೂಟರಿನಲ್ಲಿ ಕ್ವಾಂಟಮ್ ಎಸ್ಪ್ರೆಸೊ ಎಂಬ, ಪರಮಾಣುಗಳ ಲೆಕ್ಕ ಹಾಕುವ ತಂತ್ರಾಂಶ ಓಡಿಸುತ್ತಿದ್ದೇನೆ. ಕಬ್ಬಿಣ ಇದ್ದ ಮೇಲೆ ಸ್ಪಿನ್ (ಎಲೆಕ್ಟ್ರಾನ್‌ಗಳ ಕಾಂತಗುಣ) ಲೆಕ್ಕ ಬಿಡುವ ಹಾಗಿಲ್ಲ, ಹಾಗಾಗಿ ನಿಧಾನ.

ಪಟ್ಟಿ ಆರ್ಮ್‌ಚೇರ್ (ಕೈಕುರ್ಚಿಯಂತೆ ಕಾಣುವ) ಅಂಚಿನದು, ಅಂಚಿಗೆ ಹೈಡ್ರೋಜನ್. ನಡುವಿನ ಒಂದು ಕಾರ್ಬನ್ ತೆಗೆದು ಅಲ್ಲಿ ಕಬ್ಬಿಣ ಕೂರಿಸಿದೆ. ಅದು ಸುತ್ತಲಿನ ಮೂರು ಕಾರ್ಬನ್‌ಗಳನ್ನು ಹಿಡಿದುಕೊಳ್ಳುತ್ತದೆ. ಆದರೆ ಗಾತ್ರ ದೊಡ್ಡದು, ಸಮತಲದಲ್ಲಿ ಹಿಡಿಸದೆ ಮೇಲಕ್ಕೆ ಉಬ್ಬಿ ನಿಲ್ಲುತ್ತದೆ. ಅನಿಲಕ್ಕೆ ಬೇಕಾದದ್ದೂ ಅದೇ ಉಬ್ಬು.

ಬರೀ ಗ್ರಾಫೀನಿನ ಮೇಲೆ ಕಾರ್ಬನ್ ಮಾನಾಕ್ಸೈಡ್ 3 ಆಂಗ್‌ಸ್ಟ್ರಮ್‌ಗಿಂತ (ಒಂದು ಆಂಗ್‌ಸ್ಟ್ರಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಜಾಸ್ತಿ ದೂರದಲ್ಲಿ ಸುಮ್ನೆ ತೇಲುತ್ತದೆ. ಕಬ್ಬಿಣ ಸಿಕ್ಕಿದರೆ ತನ್ನ ಕಾರ್ಬನ್ ತುದಿಯಿಂದ ಗಟ್ಟಿಯಾಗಿ ಅಂಟುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲೂ ಈ ಅನಿಲ ಹಿಡಿಯುವುದು ಕಬ್ಬಿಣವನ್ನೇ, ಅದೂ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಜೀವ ತೆಗೆಯುವುದು ಹೀಗೆಯೇ. ಬಣ್ಣ, ವಾಸನೆ ಎರಡೂ ಇಲ್ಲದ ಅನಿಲ ಅದು. ನಾನು ಇದರ ಹಿಂದೆ ಬಿದ್ದಿರುವುದಕ್ಕೆ ಕಾರಣವೂ ಅದೇ.

ನನ್ನ ಲೆಕ್ಕದಲ್ಲಿ ಬಂಧದ ಶಕ್ತಿ 1 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದಲ್ಲಿ ಶಕ್ತಿಯ ಅಳತೆ) ದಾಟಿದೆ. ಗಟ್ಟಿಯಾದಷ್ಟೂ ಒಳ್ಳೆಯದು ಅನಿಸುತ್ತದೆ, ಅಲ್ವಾ? ಸೆನ್ಸರ್‌ಗೆ ಹಾಗಲ್ಲ. ಅಣು ಬಿಡಿಸಿಕೊಂಡು ಹೋದರೆ ಮಾತ್ರ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಅಣು ಸೆಕೆಂಡಿಗೆ ಲಕ್ಷ ಕೋಟಿ ಸಲ ಬಿಡಿಸಿಕೊಳ್ಳಲು ನೋಡುತ್ತದೆ ಎಂದುಕೊಂಡು 300 ಕೆಲ್ವಿನ್‌ನಲ್ಲಿ (ಸುಮಾರು 27 ಡಿಗ್ರಿ ಸೆಲ್ಸಿಯಸ್) ಲೆಕ್ಕ ಹಾಕಿದೆ. ಶಕ್ತಿ 0.8 ಇದ್ದರೆ ಅರ್ಧ ನಿಮಿಷದೊಳಗೆ ಹೋಗುತ್ತದೆ. 1.0 ಇದ್ದರೆ ಸುಮಾರು 17 ಗಂಟೆ. 1.2 ಆದರೆ ನಾಲ್ಕೂವರೆ ವರ್ಷ! ಇಷ್ಟು ಚಿಕ್ಕ ಅಂತರಕ್ಕೆ ಇಷ್ಟು ವ್ಯತ್ಯಾಸ ಬರುವುದನ್ನು ನೋಡಿ ನಾನು ಬಹಳ ಹೊತ್ತು ಅದರಲ್ಲೇ ಮುಳುಗಿದ್ದೆ.

ಬಿಸಿ ಮಾಡುವುದು ಒಂದು ದಾರಿ. 400 ಕೆಲ್ವಿನ್‌ಗೆ (ಸುಮಾರು 127 ಡಿಗ್ರಿ ಸೆಲ್ಸಿಯಸ್) ಏರಿಸಿದರೆ ಆ 17 ಗಂಟೆ 4 ಸೆಕೆಂಡಿಗೆ ಇಳಿಯುತ್ತದೆ. ಆದರೆ ಹೀಟರ್‌ಗೆ ವಿದ್ಯುತ್ ಬೇಕು. ಬ್ಯಾಟರಿಯಲ್ಲಿ ನಡೆಯುವ ಅಲಾರಂಗೆ ಅದು ಭಾರ. ನನಗೆ ಲೋಹ ಬದಲಿಸುವುದೇ ಸರಿ ಅನಿಸುತ್ತದೆ. ಮುಂದೆ ನಿಕ್ಕಲ್.

ಅದಕ್ಕೂ ಮೊದಲು ಆಮ್ಲಜನಕದ ಲೆಕ್ಕ ಮುಗಿಸಬೇಕು. ಗಾಳಿಯಲ್ಲಿ ಅದು ಶೇಕಡಾ 21 ಇದೆ. ಕಬ್ಬಿಣದ ಜಾಗವನ್ನು ಅದೇ ಮೊದಲು ಹಿಡಿದುಬಿಟ್ಟರೆ ಮಾನಾಕ್ಸೈಡ್‌ಗೆ ಜಾಗ ಉಳಿಯುವುದಿಲ್ಲ. ಪಟ್ಟಿಯಲ್ಲಿ ಕರೆಂಟ್ ಎಷ್ಟು ಬದಲಾಗುತ್ತದೆ ಎಂದು ಟ್ರಾನ್‌ಸಿಯೆಸ್ಟಾದಲ್ಲಿ (ಕರೆಂಟ್ ಹರಿವಿನ ಲೆಕ್ಕ ಹಾಕುವ ತಂತ್ರಾಂಶ) ನೋಡುವುದು ಇವೆರಡೂ ಮುಗಿದ ಮೇಲೆ. ಆಮ್ಲಜನಕದ ಇನ್‌ಪುಟ್ ಫೈಲ್ ಸಿದ್ಧವಿದೆ, ಈ ರಾತ್ರಿ ಓಡಿಸುತ್ತೇನೆ.