ಐದೂಮುಕ್ಕಾಲಿನ ಬಸ್ಸು ಬರುವವರೆಗೆ

ನನ್ನ ಜೆರಾಕ್ಸ್ ಅಂಗಡಿಯ ಎದುರೇ ನಮ್ಮ ಪೇಟೆಯ ಪಾರ್ಕ್. ಎರಡು ಸಂಪಿಗೆ ಮರ, ನಾಲ್ಕು ಕಲ್ಲುಬೆಂಚು, ಒಂದು ಮುರಿದ ಜಾರುಬಂಡಿ. ಮೂರೂವರೆಗೆ ಕಾಲೇಜು ಬಿಟ್ಟ ಮೇಲೆ ಮಕ್ಕಳು ಬಂದು ಕೂರುವುದು ಅಲ್ಲೇ.

ಕೊಡಗಿನ ಹಳ್ಳಿಗಳ ಕಡೆ ಹೋಗುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಈ ಮಕ್ಕಳ ಬಸ್ಸು ಬರುವುದು ಐದೂಮುಕ್ಕಾಲಿಗೆ. ನಡೆದು ಹೋಗೋಣ ಅಂದರೆ ತೋಟದ ದಾರಿಯಲ್ಲಿ ಆನೆ. ಇವರಲ್ಲಿ ಸುಮಾರು ಜನ ಕಾಫಿ ತೋಟದ ಲೈನ್ ಮನೆಯವರು, ಅಂದರೆ ತೋಟದ ಕೆಲಸದವರ ಸಾಲುಮನೆಯವರು. ಒಂದು ಕೋಣೆ, ಒಂದು ಅಡುಗೆಮನೆ, ಆರು ಜನ. ಗೆಳೆಯರನ್ನು ಕರೆದು ಕೂರಿಸೋಕೆ ಅಲ್ಲಿ ಜಾಗ ಎಲ್ಲಿದೆ? ಹೋಟೆಲಲ್ಲಿ ಕೂತರೆ ಏನಾದರೂ ತಗೋಬೇಕು. ಮಡಿಕೇರಿಯ ರಾಜಾಸೀಟ್ ಪಾರ್ಕಿಗೂ ಟಿಕೆಟ್ ಬೇಕು.

ಕಳೆದ ಆಷಾಢದಲ್ಲಿ ಒಂದು ದಿನ ಇಬ್ಬರು ಪೊಲೀಸರು ಬಂದರು. ಗಾಂಜಾ ಸೇದುತ್ತಾರೆ ಅಂತ ಯಾರೋ ದೂರು ಕೊಟ್ಟಿದ್ದರಂತೆ. ಬೆಂಚಿನಲ್ಲಿ ನಾಲ್ಕು ಜನ ಇದ್ದರು. ಒಬ್ಬ ಹುಡುಗನ ಬ್ಯಾಗ್ ತೆಗೆದು ಬೆಂಚಿನ ಮೇಲೆ ಸುರಿದರು. ಟಿಫಿನ್ ಡಬ್ಬಿ, ಒದ್ದೆ ಕೊಡೆ, ಅರ್ಧ ಪೊಟ್ಟಣ ಕಡ್ಲೆಕಾಯಿ, ಬಯಾಲಜಿ ರೆಕಾರ್ಡ್ ಬುಕ್ಕು. ಹಿಂದಿನ ದಿನವಷ್ಟೇ ಅವನು ಅದರ ಎರಡು ಪುಟ ನನ್ನ ಹತ್ತಿರ ಜೆರಾಕ್ಸ್ ಮಾಡಿಸಿದ್ದ. ಕಪ್ಪೆಯ ಚಿತ್ರ, ಪೆನ್ಸಿಲಲ್ಲಿ, ಎಷ್ಟು ನೀಟು! ಮಳೆ ಹನಿ ಬಿದ್ದು ಅದರ ಪಕ್ಕ ಬರೆದಿದ್ದ ಶಾಯಿಯೆಲ್ಲ ನೀಲಿಯಾಗಿ ಹರಡಿತು. ಏನೂ ಸಿಗಲಿಲ್ಲ. ‘ಇನ್ಮೇಲೆ ಇಲ್ಲಿ ಕಾಣಿಸ್ಕೊಬೇಡಿ’ ಅಂದು ಹೋದರು. ಹುಡುಗ ಬಗ್ಗಿ ಕಡ್ಲೆಕಾಯಿ ಒಂದೊಂದೇ ಆರಿಸುತ್ತಿದ್ದ. ನನ್ನ ಕಡೆ ನೋಡಲೇ ಇಲ್ಲ.

ಗಾಂಜಾದ ಭಯ ಸುಳ್ಳಲ್ಲ. ನನಗೂ ಹದಿನಾರು ವರ್ಷದ ಮಗಳಿದ್ದಾಳೆ. ಪೊಲೀಸರು ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಆಮೇಲೆ ಆಗಿದ್ದೇನು? ಗೇಟಿಗೆ ಐದು ಗಂಟೆಗೇ ಬೀಗ ಬೀಳತೊಡಗಿತು. ಮೊದಲು ಬರುವುದು ಬಿಟ್ಟವರು ಹುಡುಗಿಯರು. ಈಗ ಬಸ್‌ಸ್ಟ್ಯಾಂಡಿನ ಕಂಬದ ಹತ್ತಿರ ಬ್ಯಾಗ್ ಎದೆಗವಚಿಕೊಂಡು ನಿಲ್ಲುತ್ತಾರೆ. ಹುಡುಗರು ಹಳೇ ಗೋದಾಮಿನ ಹಿಂದೆ ಹೋಗುತ್ತಾರೆ. ಅಲ್ಲಿ ಲೈಟೂ ಇಲ್ಲ, ಅಂಗಡಿಯೂ ಇಲ್ಲ. ಪಾರ್ಕಿನಲ್ಲಿದ್ದರೆ ನಾವು ಹತ್ತು ಜನ ನೋಡುತ್ತಿದ್ದೆವು, ಅಲ್ವಾ?

ಅಕ್ಕಪಕ್ಕದ ಅಂಗಡಿಯವರು ಮೂವರು ಸೇರಿ ಠಾಣೆಗೆ ಹೋದೆವು. ಹೋಗುವ ಮೊದಲು ಮಗಳ ಜೊತೆ ಕೂತು 2015ರ ಬಾಲನ್ಯಾಯ ಕಾಯ್ದೆ ಓದಿಕೊಂಡಿದ್ದೆ. ಹದಿನೆಂಟು ತುಂಬದವರ ವಿಷಯ ನೋಡಲು ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು. ಮಕ್ಕಳಿಗೆ ಆಟಕ್ಕೆ, ವಿರಾಮಕ್ಕೆ ಹಕ್ಕಿದೆ ಅನ್ನುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಮ್ಮ ದೇಶ 1992ರಲ್ಲೇ ಒಪ್ಪಿದೆ. ‘ಆ ಅಧಿಕಾರಿ ಯಾರು ಸಾರ್?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಳಗಿನಿಂದ ಒಬ್ಬ ಮೇಡಂ ಬಂದರು. ಕುರ್ಚಿ ಹಾಕಿ ಕೂರಿಸಿ ಪೂರ್ತಿ ಕೇಳಿದರು. ಅವರ ಮಗನೂ ಪಿಯುಸಿಯಂತೆ.

ನಾವು ಕೇಳಿದ್ದು ಇಷ್ಟೇ: ಕೊನೇ ಬಸ್ಸು ಹೋಗುವವರೆಗೆ ಗೇಟ್ ತೆಗೆದಿರಲಿ, ಎರಡು ಲೈಟ್ ಹಾಕಿಸಿ. ಬೀಟ್‌ಗೆ ಬಂದವರು ಮೊದಲು ಹೆಸರು ಕೇಳಲಿ, ಬ್ಯಾಗ್ ಆಮೇಲೆ. ಗೇಟಿನ ಮಾತನ್ನು ಪಂಚಾಯಿತಿ ಒಪ್ಪಿದೆ. ಲೈಟ್ ಇನ್ನೂ ಬಂದಿಲ್ಲ. ಹಾಗಾಗಿ ನನ್ನ ಅಂಗಡಿಯ ಹೊರಗಿನ ಬಲ್ಬನ್ನು ಪಾರ್ಕಿನ ಕಡೆ ತಿರುಗಿಸಿದ್ದೇನೆ.

ಆ ಹುಡುಗ ಮೊನ್ನೆ ಅಂಗಡಿಗೆ ಬಂದಿದ್ದ. ಕಪ್ಪೆಯನ್ನು ಮತ್ತೆ ಬರೆದಿದ್ದಾನೆ. ‘ಆಂಟಿ, ಗೇಟ್ ಎಷ್ಟೊತ್ತಿನವರೆಗೆ?’ ಅಂತ ಕೇಳಿದ. ಆರು ಅಂದೆ. ಚಿಲ್ಲರೆ ತಗೊಂಡು ರಸ್ತೆ ದಾಟಿದ.